ಡ್ಯೂಕನ ನಿಲುವಂಗಿಯ ಗಂಟು

ಮಧ್ಯಾಹ್ನ ಮೂರು ಗಂಟೆಗೆ ಕಾರ್ಸ್‌ವೇಲ್ ಕೋಟೆಮನೆಯಲ್ಲಿ ಡಚೆಸ್ ಅಡೆಲಾಗೆ ಹೆರಿಗೆ ನೋವು ಶುರುವಾಯಿತು. ಸ್ವಲ್ಪ ಹೊತ್ತಿನಲ್ಲೇ ಮನೆಯ ಬೀಗಗಳೆಲ್ಲ ತೆರೆದಿದ್ದವು. ಆಳುಗಳು ಪರದೆಯ ಹಗ್ಗ ಬಿಚ್ಚಿದರು, ಬೂಟಿನ ದಾರ ಬಿಚ್ಚಿದರು, ಲಾಯದ ಕುದುರೆಗಳ ಕೊರಳ ಹಗ್ಗವನ್ನೂ ಬಿಚ್ಚಿದರು. ಅಡುಗೆಯವಳು ಜಡೆ ಬಿಚ್ಚಿಕೊಂಡೇ ಸೂಪು ಕಲಕುತ್ತಿದ್ದಳು.

ಸೂಲಗಿತ್ತಿ ಡೋರ್ಕಸ್ ಕೊನೆಗೆ ಅಡೆಲಾಳ ಓರಗಿತ್ತಿ ಹೆನ್ರಿಯೆಟ್ಟಾಳ ಬಾಗಿಲಿಗೆ ಬಂದಳು.

"ಮೈಮೇಲೆ ಗಂಟಿದ್ರೆ ಬಿಚ್ಚಿಡಿ ಅಮ್ಮಾವ್ರೇ. ಮನೇಲಿ ಒಂದು ಗಂಟು ಉಳಿದ್ರೂ ಕೂಸು ಬರಲ್ಲ."

"ಹಾಗಾದ್ರೆ ಒಳರವಿಕೆ ಬಿಚ್ಕೊಂಡು ಊಟಕ್ಕೆ ಹೋಗ್ಲಾ? ಬಿಷಪ್ಪರು ಬೇರೆ ಬರ್ತಿದಾರೆ."

"ನಗಬೇಡಿ. ಬಟ್ಟೆ ಗಂಟು ಬಿಚ್ಚಿದ್ರೆ ಆಯ್ತು, ಅದಕ್ಕೆ ಕೆಟ್ಟ ಬುದ್ಧಿ ಇಲ್ಲ. ಕೇಡು ಬಗೆದು ಬೇಕೂಂತ ಕಟ್ಟಿದ ಗಂಟು ಹತ್ತಿರದ ಬಸುರಿಯನ್ನ ಹುಡುಕ್ಕೊಂಡು ಹೋಗತ್ತೆ."

"ಈ ಮನೇಲಿ ಇರೋ ಬಸುರಿ ಒಬ್ಬಳೇ. ಹೋಗು, ಅವಳನ್ನ ನೋಡ್ಕೋ."

ಹೆನ್ರಿಯೆಟ್ಟಾ ಲಂಡನ್ನಿನವಳು, ಮದುವೆಯಾಗಿ ಈ ಉತ್ತರದ ಚಳಿಗೆ ಬಂದು ವರ್ಷವಾಗಿರಲಿಲ್ಲ. ಇಂಥ ಮಾತು ಅವಳ ಕಿವಿಗೆ ತಮಾಷೆ. ಆದರೆ ಅಡೆಲಾಳ ಹೊಟ್ಟೆ ತಮಾಷೆಯಾಗಿರಲಿಲ್ಲ. ಮೊದಲ ಡ್ಯೂಕ್ ಒಬ್ಬ ದೊರೆಯ ಮೂರನೆಯ ಮಗ. ಪಟ್ಟ ಕೊಡುವಾಗ ದೊರೆ ಬರೆಸಿದ್ದು ಇಷ್ಟು: ಗಂಡಿನಿಂದ ಗಂಡಿಗೆ ಮಾತ್ರ, ಗಂಡು ಸಂತಾನ ಮುಗಿದರೆ ಪದವಿ ಅರಮನೆಗೆ ವಾಪಸು. ಅಡೆಲಾಳ ಗಂಡ, ಐದನೆಯ ಡ್ಯೂಕ್, ಬೇಟೆಯಲ್ಲಿ ಕುದುರೆಯಿಂದ ಬಿದ್ದು ಸತ್ತಿದ್ದ. ಹಾಗಾದಾಗ ಪದವಿ ಅವನ ತಮ್ಮ ಎಡ್ಮಂಡನಿಗೆ, ಅಂದರೆ ಹೆನ್ರಿಯೆಟ್ಟಾಳ ಗಂಡನಿಗೆ ಬರಬೇಕು. ಬರಲಿಲ್ಲ. ವಿಧವೆ ಬಸುರಿಯಾಗಿದ್ದರೆ, ಕೂಸು ಹುಟ್ಟುವ ತನಕ ಪದವಿ ಯಾರದೂ ಅಲ್ಲ.

ಅಲ್ಲಿಯವರೆಗೂ ಊಟದ ಮನೆಗೆ ಅಡೆಲಾ ಮುಂದೆ, ಹೆನ್ರಿಯೆಟ್ಟಾ ಹಿಂದೆ. ದಿನಾ ಅದೇ ಬೆನ್ನು, ಅದೇ ಕರಿ ರೇಷ್ಮೆಯ ಸರಸರ. ತಾನು ಮುಂದೆ ನಡೆಯುವ ದಿನವನ್ನು ಹೆನ್ರಿಯೆಟ್ಟಾ ಎಣಿಸುತ್ತಿದ್ದಳು.

ಸೂಲಗಿತ್ತಿ ಹೋದ ಮೇಲೆ ಅವಳು, ಡ್ಯೂಕ್ ಆದವನು ಪಟ್ಟದ ದಿನ ತೊಡುವ ನಿಲುವಂಗಿಯ ಪೆಟ್ಟಿಗೆಯ ಬಳಿ ಹೋದಳು. ಅದರ ಬೀಗವೂ ತೆರೆದಿತ್ತು. ಕರ್ಪೂರದ ಘಾಟು, ಹಳೆಯ ತುಪ್ಪಳದ ಮುಗ್ಗಲು. ಕೊರಳ ಬಳಿ ಬಿಗಿಯುವ ಬಿಳಿ ರೇಷ್ಮೆ ಪಟ್ಟಿಯನ್ನು ಕಿತ್ತಳು. ನಂಬಿಕೆಯಿಲ್ಲದವಳು ಕಟ್ಟಿದರೆ ಏನಾದೀತು ಎಂದುಕೊಂಡಳು. ಅಡೆಲಾಳ ಹೆಸರು ಹೇಳಿ ಗಂಟು ಹಾಕಿದಳು. ಕೋಣೆಗಳನ್ನು ಹುಡುಕಿಯಾರು, ತನ್ನ ಸೊಂಟ ತಡವುವ ಧೈರ್ಯ ಯಾರಿಗಿದೆ? ಪಟ್ಟಿಯನ್ನು ಬಟ್ಟೆಯೊಳಗೆ ಬರಿಮೈಗೆ ಸುತ್ತಿ ಬಿಗಿದಳು.

ಚಳಿಗಾಲ, ನಾಲ್ಕಕ್ಕೆಲ್ಲ ಕತ್ತಲು. ಕೋಣೆಯ ಹೊರಗಿನ ಪಡಸಾಲೆಯಲ್ಲಿ ಕೊಬ್ಬಿನ ಬತ್ತಿಯ ಕಮಟು, ವಿನೆಗರ್ ವಾಸನೆ, ಅದರಡಿ ರಕ್ತದ ವಾಸನೆ. ಅಡೆಲಾಳ ಕೂಗು ಗೋಡೆ ದಾಟಿ ಬರುತ್ತಿತ್ತು. ಪ್ರತಿ ಕೂಗಿಗೂ ಹೆನ್ರಿಯೆಟ್ಟಾ ಬಟ್ಟೆಯ ಮೇಲಿಂದಲೇ ಗಂಟನ್ನು ಒತ್ತಿದಳು. ಕೂಗು ಸಣ್ಣದಾಯಿತು. ನಿಂತಿತು.

ಪಟ್ಟಿ ಬೆಚ್ಚಗಾಯಿತು. ತಾನಾಗಿ ಬಿಗಿಯಿತು. ಅವಳು ಕೈ ತೆಗೆದಳು. ಮತ್ತೂ ಬಿಗಿಯಿತು. ಉಸಿರು ಸಿಕ್ಕಲಿಲ್ಲ. ಹುಕ್ಕು ಹರಿದಳು, ಬಟ್ಟೆ ಹರಿದಳು, ಉಗುರಿನಿಂದ ಕೆರೆದಳು. ಪಟ್ಟಿ ಇರಲಿಲ್ಲ. ಸೊಂಟದ ಸುತ್ತ ಚರ್ಮದಲ್ಲೊಂದು ಬಿಳಿ ಬರೆ. ಹೊಕ್ಕುಳ ಕೆಳಗೆ, ಚರ್ಮದೊಳಗೆ, ಗಂಟು. ಅದು ಒಳಕ್ಕೆ ಸರಿಯಿತು.

ಅದೇ ಕ್ಷಣ ಆಚೆ ಕೂಸು ಅತ್ತಿತು.

ಹರಿದ ಬಟ್ಟೆಯ ಮೇಲೆ ಅವಳು ಶಾಲು ಎಳೆದುಕೊಳ್ಳುವಷ್ಟರಲ್ಲಿ ಎಡ್ಮಂಡ್ ಬಾಗಿಲಲ್ಲಿ ನಿಂತಿದ್ದ. "ಹೆಣ್ಣು ಕಣೆ. ಇಬ್ಬರೂ ಚೆನ್ನಾಗಿದಾರೆ." ದನಿ ತಗ್ಗಿಸಿದ. "ನಾನು ಡ್ಯೂಕ್. ನೀನು ಮುಂದೆ ನಡೀಬಹುದು ಇನ್ನು."

ಗಂಟು ಕಟ್ಟಬೇಕಾಗಿಯೇ ಇರಲಿಲ್ಲ.

ಮುಂದಿನ ತಿಂಗಳು ತಿಳಿಯಿತು: ಗಂಟು ಕಟ್ಟಿದ ದಿನವೇ ಹೆನ್ರಿಯೆಟ್ಟಾಳೂ ಬಸುರಿಯಾಗಿದ್ದಳು. ದಿನ ತುಂಬಿದವು. ನೋವು ಬರಲಿಲ್ಲ. ಮತ್ತೊಂದು ಚಳಿಗಾಲ ಬಂತು. ಕೂಸು ಒಳಗೆ ಹೊರಳುತ್ತಿತ್ತು, ಒದೆಯುತ್ತಿತ್ತು, ಬರುತ್ತಿರಲಿಲ್ಲ. ಹೆನ್ರಿಯೆಟ್ಟಾ ಡೋರ್ಕಸಳ ಕೈ ಹಿಡಿದುಕೊಂಡಳು.

"ಬಿಚ್ಚೇ. ಏನು ಬೇಕಾದ್ರೂ ಕೊಡ್ತೀನಿ."

ಡೋರ್ಕಸ್ ಹೊಟ್ಟೆ ಮುಟ್ಟಿ ಕೈ ಹಿಂತೆಗೆದಳು. "ಹೊರಗಿದ್ರೆ ಬಿಚ್ತಿದ್ದೆ ಅಮ್ಮಾವ್ರೇ."

ನಾಲ್ಕನೆಯ ವರ್ಷ ಎಡ್ಮಂಡ್ ಜ್ವರದಲ್ಲಿ ತೀರಿಕೊಂಡ. ಪದವಿಯನ್ನು ಅರಮನೆಗೆ ಒಪ್ಪಿಸಿಕೊಳ್ಳಲು ಲಂಡನ್ನಿನಿಂದ ಅಧಿಕಾರಿಗಳು ಬಂದರು. ಅವರ ವೈದ್ಯ ಹೆನ್ರಿಯೆಟ್ಟಾಳ ಹೊಟ್ಟೆಗೆ ಕಿವಿಯಿಟ್ಟ. ಒಳಗಿಂದ ಒದೆತ ಬಂತು. ಅವನು ಎದ್ದು ಮುಖ ಒರೆಸಿಕೊಂಡು, ಕೂಸಿಗೆ ಜೀವವಿದೆ ಎಂದು ತಲೆಯಾಡಿಸಿದ. ಕೂಸು ಹುಟ್ಟುವ ತನಕ ಪದವಿ ಯಾರದೂ ಅಲ್ಲ ಎಂದು ಬರೆದು ಅಧಿಕಾರಿಗಳು ಹೊರಟರು.

ಊಟದ ಗಂಟೆ ಬಾರಿಸಿತು. ಇಬ್ಬರೂ ವಿಧವೆಯರು, ಹಿರಿಯಳು ಅಡೆಲಾ. ಅವಳು ಮಗಳ ಕೈ ಹಿಡಿದು ಮುಂದೆ ನಡೆದಳು.