ಅಗ್ಗದ ಇಂಟರ್‌ಕೂಲರ್ ಮೇಲೆ ಬಂದ ಅಪವಾದ

ಏರುರಸ್ತೆಯಲ್ಲಿ ಕಾರು ಅಡ್ಡಲಾಗಿ ನಿಂತಿತ್ತು. ಹಿಂಭಾಗ ಅಪ್ಪಚ್ಚಿಯಾಗಿತ್ತು. ಲಾರಿ ಚಾಲಕ ಸಬ್ ಇನ್ಸ್‌ಪೆಕ್ಟರ್ ಎದುರು ತಲೆ ಮೇಲೆ ಕೈಹೊತ್ತು ಕೂತಿದ್ದ.

"ನನ್ನ ದಾಟಿಕೊಂಡು ಮುಂದೆ ಬಂದ, ಮೇಡಂ. ಬಂದ ಕೂಡ್ಲೇ ಅವನ ಗಾಡಿ ಸತ್ತೋಯ್ತು. ಬ್ರೇಕ್ ತುಳಿಯೋಷ್ಟರಲ್ಲಿ..."

ಕಾರಿನಲ್ಲಿದ್ದ ಯುವಕನ ತೊಡೆಮೂಳೆ ಮುರಿದಿತ್ತು. ಅವನನ್ನು ಆಗಲೇ ಆಸ್ಪತ್ರೆಗೆ ಸೇರಿಸಿದ್ದರು.

ಇಲಾಖೆಯ ವಾಹನ ತಜ್ಞ ಬಾನೆಟ್ ಎತ್ತಿದ. ಇಂಟರ್‌ಕೂಲರ್‌ನಿಂದ ಇಂಜಿನ್ನಿಗೆ ಹೋಗುವ ಪೈಪನ್ನು ಸಾಕೆಟ್ ಹಾಕಿ ಬಿಚ್ಚಿದ. ಒಳಗಿಂದ ಬಿಳಿ ಬಟ್ಟೆಯ ಮುದ್ದೆ ಬಂತು.

"ಕಸ ಬೀಳದಿರಲಿ ಅಂತ ಗ್ಯಾರೇಜಿನವರು ಪೈಪಿಗೆ ಬಟ್ಟೆ ತುರುಕ್ತಾರೆ. ಜೋಡಿಸುವಾಗ ತೆಗೆಯೋದು ಮರೀತಾರೆ. ಇಂಟರ್‌ಕೂಲರೂ ಅಗ್ಗದ್ದು, ಹಾಕಿದವನೂ ಅಷ್ಟೇ."

ಸಬ್ ಇನ್ಸ್‌ಪೆಕ್ಟರ್ ತಲೆಯಾಡಿಸಿದಳು. ಆದರೂ ಬಟ್ಟೆ, ಪೈಪು, ಪೈಪನ್ನು ಬಿಗಿಹಿಡಿದಿದ್ದ ಕ್ಲಾಂಪು ಮೂರನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿಸಿದಳು. ಆಮೇಲೆ ಸರಿಯಾಗಿ ಹಾಕಿದ್ದಾರೋ ಇಲ್ಲವೋ ಎಂದು ಮತ್ತೊಮ್ಮೆ ತೆರೆದು ನೋಡಿದಳು.

*

ಇಂಟರ್‌ಕೂಲರ್ ಹಾಕಿದ ಮೆಕ್ಯಾನಿಕ್‌ಗೆ ಊರೆಲ್ಲ ಕರೆಯುವ ಹೆಸರು ಗಿಣಿ. ಬಾಯಿಗೆ ಬಿಡುವಿಲ್ಲದ ಆಸಾಮಿ. ಠಾಣೆಯ ಬೆಂಚಿನ ಮೇಲೂ ಸುಮ್ಮನಿರಲಿಲ್ಲ.

"ಟರ್ಬೊ ಗಾಳೀನ ಒತ್ತಿ ಕಳಿಸುತ್ತೆ, ಗಾಳಿ ಕಾಯುತ್ತೆ. ಅದನ್ನ ತಣ್ಣಗೆ ಮಾಡೋದೇ ಇಂಟರ್‌ಕೂಲರ್. ಆಫೀಸಿಗೆ ಹೋಗಿಬರೋ ಗಾಡಿಗೆ ಅಗ್ಗದ್ದೇ ಧಾರಾಳ ಅಂತ ನಾನೇ ಹೇಳಿದ್ದು. ಬೆಟ್ಟದ ರೇಸಿಗಾದ್ರೆ ದುಬಾರಿದು ಬೇಕು. ಇಂಜಿನ್ ಕಾದು ಕೂತಾಗ ಇದು ಸೋಲುತ್ತೆ. ಹಾಗಂತ ಗಾಡಿ ನಡುರಸ್ತೇಲಿ ಸಾಯಲ್ಲ!"

"ಬಟ್ಟೆ?"

"ನನ್ನ ಗ್ಯಾರೇಜಲ್ಲಿ ಬಿಳಿ ಬಟ್ಟೆನಾ? ನನ್ನ ಮದುವೆ ಅಂಗೀನೂ ಈಗ ಕರಿದು, ಮೇಡಂ." ನಗಲು ಹೋದ. ಆಗಲಿಲ್ಲ. "ಕೇಸ್ ಬಿದ್ರೆ ನನ್ನ ಶಟರ್ ಮುಚ್ಚಿದ ಹಾಗೇ. ಯಾರು ಗಾಡಿ ತರ್ತಾರೆ?"

"ಹಾಕಿ ಎಷ್ಟು ದಿನ ಆಯ್ತು?"

"ಹೋದ ತಿಂಗಳು. ದಿನಾ ಓಡಿಸ್ತಿದ್ದಾನೆ. ಟರ್ಬೊದಿಂದ ಸ್ವಲ್ಪ ಎಣ್ಣೆ ಮಂಜು ಬಂದೇ ಬರುತ್ತೆ. ಪೈಪೊಳಗೆ ಬೆರಳಾಡಿಸಿ ನೋಡಿ."

ಅವಳು ಬೆರಳಾಡಿಸಿದಳು. ಜಿಡ್ಡು ಅಂಟಿತು. ಬಟ್ಟೆ ಬಿಡಿಸಿದಳು. ಅಂಚೆಲ್ಲ ಹಲ್ಲುಹಲ್ಲು. ಹೊರಗೆ ಮಾತ್ರ ಎಣ್ಣೆಯ ಗುರುತಿತ್ತು. ಮಡಿಕೆಯೊಳಗೆ ಹಾಲಿನಷ್ಟು ಬಿಳಿ.

ತಿಂಗಳಿಡೀ ಅಲ್ಲಿದ್ದ ಬಟ್ಟೆ ಅದಲ್ಲ.

*

ದುಬಾರಿ ಬಿಡಿಭಾಗ ಮಾರುವ ಅಂಗಡಿಯವನು ಎದೆಯುಬ್ಬಿಸಿ ನಿಂತಿದ್ದ.

"ಅಗ್ಗದ್ದು ಬೇಡ ಅಂತ ಆ ಹುಡುಗನಿಗೆ ನಾನು ಹೇಳಿದ್ದೆ. ಕೇಳಲಿಲ್ಲ. ಈಗ ಅನುಭವಿಸಲಿ."

"ಗಿಣಿ ಮೇಲೆ ನಿಮಗೆ ಹೊಟ್ಟೆಕಿಚ್ಚಂತೆ?"

"ಇರಬಹುದು. ಅದಕ್ಕೆ ಹುಡುಗನ ಪ್ರಾಣ ತೆಗೀತೀನಾ? ಅವನು ಮುಂದಿನ ವಾರ ನನ್ನ ಹತ್ರಾನೇ ಇಂಟರ್‌ಕೂಲರ್ ತಗೊಳ್ಳೋನಿದ್ದ. ಬೆಟ್ಟದ ರೇಸಿಗೆ ಹೆಸರು ಕೊಟ್ಟಿದ್ದ. ನಿನ್ನೆ ಏರುರಸ್ತೇಲಿ ಅಭ್ಯಾಸಕ್ಕೆ ಹೋಗಿದ್ದು."

ಅವನು ಎರಡು ಕಿಟ್‌ಗಳನ್ನು ಮುಂದಿಟ್ಟ. ದುಬಾರಿಯದರ ಕ್ಲಾಂಪಿಗೆ ದಪ್ಪ ನಟ್ಟು. ಅದಕ್ಕೆ ಸ್ಪ್ಯಾನರೇ ಬೇಕು. ಅಗ್ಗದ್ದಕ್ಕೆ ಆರು ಮೂಲೆಯ ತಲೆಯ ತಿರುಪು, ತಲೆಯಲ್ಲಿ ಸೀಳು.

"ಇದನ್ನ ಸ್ಕ್ರೂಡ್ರೈವರ್ ಇದ್ರೆ ಯಾರು ಬೇಕಾದ್ರೂ ಬಿಚ್ಚಬಹುದು," ಎಂದು ಮೂಗು ಮುರಿದ.

ಅವಳು ಚೀಲದಲ್ಲಿದ್ದ ಕ್ಲಾಂಪನ್ನು ಬೆಳಕಿಗೆ ಹಿಡಿದಳು. ಅಗಲವಾದ ಸೀಳು. ನಡುವೆ ಮಾತ್ರ ಹೊಸ ಗೀರು. ತೀರ ಸಣ್ಣ ಸ್ಕ್ರೂಡ್ರೈವರ್ ಜಾರಿದ ಗುರುತು. ಗಿಣಿಯೂ ತಜ್ಞನೂ ಬಳಸುವುದು ಸಾಕೆಟ್. ತಿರುಪಿನ ತಲೆಯನ್ನು ಹೊರಗಿಂದ ಹಿಡಿಯುವ ಅದು ಸೀಳನ್ನು ಮುಟ್ಟುವುದೇ ಇಲ್ಲ.

*

ಯುವಕನ ಮನೆ. ಮುಂದಿನ ಕೋಣೆಯೇ ತಾಯಿಯ ಹೊಲಿಗೆ ಅಂಗಡಿ. ಮಗನ ಪರ್ಸು, ಫೋನು ಕೊಡಲು ಹೋದ ಸಬ್ ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತಳು.

ತಾಯಿ ಹೊಲಿಗೆ ಯಂತ್ರದ ಸೂಜಿ ಬದಲಿಸುತ್ತಿದ್ದಳು. ಬೆರಳುದ್ದದ ಸ್ಕ್ರೂಡ್ರೈವರ್. ಮೇಜಿನ ಮೇಲೆ ಕೋಟಿನ ಬಿಳಿ ಅಸ್ತರಿನ ತುಂಡುಗಳು, ನೂಲು ಬಿಚ್ಚದಿರಲೆಂದು ಹಲ್ಲುಕತ್ತರಿಯಲ್ಲಿ ಕತ್ತರಿಸಿದ ಅಂಚೆಲ್ಲ ಹಲ್ಲುಹಲ್ಲು.

ಪೈಪಿನಿಂದ ಬಂದ ಬಟ್ಟೆಯ ಅಂಚೂ ಹಾಗೇ ಇತ್ತು.

ಸಬ್ ಇನ್ಸ್‌ಪೆಕ್ಟರಿಗೆ ತನ್ನ ಊಹೆ ತಪ್ಪಾಗಿರಲಿ ಎಂದೇ ಅನಿಸಿತು. ಬಟ್ಟೆಯನ್ನು ತುಂಡುಗಳ ಪಕ್ಕದಲ್ಲಿಟ್ಟು ನೋಡಿದಳು. ತಪ್ಪಾಗಿರಲಿಲ್ಲ.

"ಅಮ್ಮಾ, ಕೂತ್ಕೊಳ್ಳಿ. ಈ ಬಟ್ಟೆ ಹೊಸದಾಗಿ ತುರುಕಿದ್ದು. ತಿರುಪು ಬಿಚ್ಚಿದ್ದು ಇಂಥದೇ ಪುಟ್ಟ ಸ್ಕ್ರೂಡ್ರೈವರಿಂದ. ಕಾರು ರಾತ್ರಿ ನಿಲ್ಲುತ್ತಿದ್ದದ್ದು ನಿಮ್ಮ ಅಂಗಳದಲ್ಲಿ."

ತಾಯಿ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು.

"ಹೊಸದು ಹಾಕಿಸಿಕೊಂಡು ಬಂದ ದಿನ ಅವನೇ ಬಾನೆಟ್ ಎತ್ತಿ ತೋರಿಸಿದ್ದ. 'ಇದು ಇಂಜಿನ್ನಿನ ಮೂಗು ಕಣಮ್ಮಾ' ಅಂದಿದ್ದ. ರೇಸು ಅಂದಾಗಿನಿಂದ ನಂಗೆ ನಿದ್ದೆ ಇಲ್ಲ. ಮೂಗು ಕಟ್ಟಿದ್ರೆ ಸ್ಟಾರ್ಟೇ ಆಗಲ್ಲ, ಮನೇಲೇ ಉಳೀತಾನೆ ಅಂದ್ಕೊಂಡೆ."

"ನಿಧಾನಕ್ಕೆ ಹೋದಾಗ ಬಟ್ಟೆಯ ಸಂದಿಯಿಂದ ಗಾಳಿ ನುಗ್ಗಿತು. ಏರಲ್ಲಿ ವೇಗ ಹೆಚ್ಚಿಸಿದಾಗ ಟರ್ಬೊ ಅದನ್ನ ಇಂಜಿನ್ ಬಾಯಿಗೆ ತಳ್ಳಿತು."

"ಗಿಣಿ ಹೆಸರು ಬಂದಾಗ ಹೇಳ್ಬೇಕಿತ್ತು. ಬಾಯಿ ಬರಲಿಲ್ಲ."

"ಈಗ ಹೇಳ್ತೀರಾ?"

"ಮೊದಲು ನನ್ನ ಮಗನಿಗೆ ಹೇಳ್ತೀನಿ. ಬೇರೆಯವರಿಂದ ಅವನು ಕೇಳಬಾರದು."

*

ಆಸ್ಪತ್ರೆಯ ಮಂಚದ ಬಳಿ ತಾಯಿ ನಿಂತೇ ಹೇಳಿದಳು.

"ಹೋಗಬೇಡ ಅನ್ನಬಹುದಿತ್ತಲ್ಲಮ್ಮಾ."

"ಅಂದಿದ್ದೆ. ನೀನು ನಕ್ಕೆ."

ಅವನು ಕಣ್ಣು ಮುಚ್ಚಿದ. ಕೈ ಮಾತ್ರ ಹೊದಿಕೆಯಿಂದ ಹೊರಬಂದು ಅವಳ ಸೆರಗು ಹಿಡಿಯಿತು.

"ಹೋಗು. ಮೊದಲು ಗಿಣಿಯಣ್ಣನ್ನ ಬಿಡಿಸು."

ಸಬ್ ಇನ್ಸ್‌ಪೆಕ್ಟರ್ ಬಾಗಿಲು ತೆರೆದು ಹಿಡಿದಳು. ಮಗ ಬೆರಳು ಸಡಿಲಿಸುವವರೆಗೂ ಕಾದಳು.