ಹದಿನೇಳನೇ ನಂಬರಿನ ಡಬ್ಬಿ

"ಐಸೆಲ್ಲಾ ಕರಗಿ ನೀರಾಗಿದೆಯಲ್ರೀ! ಇದನ್ನ ತಗೊಂಡು ನಾನೇನು ತಲೆ ಮೇಲೆ ಸುರ್ಕೊಳ್ಲಾ?"

ಆಸ್ಪತ್ರೆಯಿಂದ ಲ್ಯಾಬಿಗೆ ರೋಗಿಗಳ ಲಿವರಿನ ಚೂರು ತರುವ ವ್ಯಾನ್ ಡ್ರೈವರ್ ಬಾಗಿಲಲ್ಲೇ ನಿಂತುಬಿಟ್ಟ. ಕೆಲಸಕ್ಕೆ ಸೇರಿದ ಮೊದಲ ದಿನವೇ ಮಂಗಳಾರತಿ!

"ಟ್ರಾಫಿಕ್ಕು ಮೇಡಂ..."

"ಟ್ರಾಫಿಕ್ ಅಂದ್ರೆ ಎನ್ಜೈಮ್ ಕೇಳುತ್ತಾ? ಬೆಚ್ಚಗಾದ್ರೆ ಸತ್ತೇಹೋಗುತ್ತೆ!"

"ಅಯ್ಯೋ... ಯಾರು ಸತ್ರು?"

ಅವನ ಮುಖ ನೋಡಿ ಲ್ಯಾಬಿನ ಹುಡುಗಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲೇ ಇಲ್ಲ. ಕಿಸಕ್ಕನೆ ನಕ್ಕಳು. ಆಮೇಲೆ ತಾನೇ ವಿವರಿಸಿದಳು.

"ಒಂದು ತೊಟ್ಟು ಕುಡಿಯದವರಿಗೂ ಬರೀ ಎಣ್ಣೆ, ಸಕ್ಕರೆ ತಿಂದು ತಿಂದೇ ಲಿವರಿನಲ್ಲಿ ಕೊಬ್ಬು ಸೇರುತ್ತೆ. ಆಗ ಅಲ್ಲಿ ಒಂಥರಾ ವಿಷ ಹುಟ್ಟುತ್ತೆ. ಅದನ್ನ ದಿನಾ ಗುಡಿಸಿ ಹಾಕೋದು ಕ್ಯಾಟಲೇಸ್ ಥರದ ಎನ್ಜೈಮ್‌ಗಳು. ಅವು ಸೋತ್ರೆ ಲಿವರ್ ಗಟ್ಟಿಯಾಗ್ತಾ ಹೋಗುತ್ತೆ. ಅವು ಎಷ್ಟು ಉಳಿದಿವೆ ಅಂತ ಅಳೆಯೋದೇ ನನ್ನ ಕೆಲಸ."

ಮೂರು ಹೊತ್ತೂ ಸ್ಟೇರಿಂಗ್ ಹಿಂದೆಯೇ ಕರಿದದ್ದನ್ನು ತಿನ್ನುತ್ತಿದ್ದವನು, ಕೈಯಲ್ಲಿದ್ದ ಕೋಲ್ಡ್ ಡ್ರಿಂಕ್ ಬಾಟಲಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಅವತ್ತಿನಿಂದ ಅವನ ಪೆಟ್ಟಿಗೆಯಲ್ಲಿ ಐಸ್ ಕರಗಿದ್ದೇ ಇಲ್ಲ. ಅವಳು ಅವನಿಗೆ 'ಐಸ್‌ಪೆಟ್ಟಿಗೆ' ಎಂದೇ ಹೆಸರಿಟ್ಟಳು. ಬಾಗಿಲ ಬಳಿಯ ಐದು ನಿಮಿಷದ ಮಾತು ಅರ್ಧ ಗಂಟೆಗೆ ಬೆಳೆಯಿತು. ವರ್ಷ ತುಂಬುವಷ್ಟರಲ್ಲಿ ಅವಳ ಅಮ್ಮನೂ ಒಪ್ಪಿ, ಮದುವೆಗೆ ದಿನ ಗೊತ್ತಾಯಿತು.

ಒಂದು ಮಧ್ಯಾಹ್ನ ಅವನು ಒಂದೇ ಒಂದು ಡಬ್ಬಿ ತಂದ. ಮುಚ್ಚಳದ ಮೇಲೆ ಹದಿನೇಳು ಎಂಬ ನಂಬರು. ರೋಗಿಯ ಹೆಸರು ಲ್ಯಾಬಿನವರಿಗೆ ತಿಳಿಯಬಾರದು, ಅದು ಅಲ್ಲಿನ ನಿಯಮ. ಅವಳು ಅದರಲ್ಲಿದ್ದ ಲಿವರಿನ ಚೂರಿನ ಅರ್ಧವನ್ನು ಫ್ರೀಜರಿಗೆ ಹಾಕಿ, ಉಳಿದರ್ಧವನ್ನು ಮೇಜಿನ ಮೇಲಿಟ್ಟಳು. ಅವನು ಯಾಕೋ ಹೊರಡಲೇ ಇಲ್ಲ. ಬಾಡಿಗೆಗೆ ನೋಡಿದ್ದ ಮನೆಯ ಗೋಡೆಗೆ ಯಾವ ಬಣ್ಣ ಎಂದು ಇಬ್ಬರೂ ಹೊತ್ತು ಹೋದದ್ದು ಗೊತ್ತಾಗದಂತೆ ಚರ್ಚೆ ಮಾಡಿದರು.

ಮರುದಿನ ಅವನು ಬಂದಾಗ ಅವಳು ರಿಸಲ್ಟ್ ಪುಸ್ತಕ ನೋಡುತ್ತಾ ತಲೆ ಅಲ್ಲಾಡಿಸಿದಳು.

"ಈ ಹದಿನೇಳನೇ ನಂಬರಿನವನ ಕಥೆ ಮುಗೀತು ಅನ್ನಿ. ಕ್ಯಾಟಲೇಸ್ ಕಾಲು ಭಾಗಾನೂ ಉಳಿದಿಲ್ಲ. ಇವನನ್ನ ಕಟ್ಕೊಂಡೋಳ ಪಾಡು ದೇವರಿಗೇ ಪ್ರೀತಿ!"

ಅವನು ನಗಲಿಲ್ಲ. "ಹೌದಾ..." ಎಂದಷ್ಟೇ ಹೇಳಿ ಹೋದ.

ಆಮೇಲೆ ಅವನು ಲ್ಯಾಬಿಗೆ ಬರಲೇ ಇಲ್ಲ; ಎರಡು ದಿನಕ್ಕೆ ಅವನ ಫೋನ್ ಬಂತು. "ಈ ಮದುವೆ ಬೇಡ ಮೇಡಂ. ನನಗೆ ಮನಸ್ಸಿಲ್ಲ."

'ನಾನೇನು ತಪ್ಪು ಮಾಡ್ದೆ? ಬೇರೆ ಯಾರೋ ಸಿಕ್ಕಿರಬೇಕು...' ಅವಳು ಊಟ ಬಿಟ್ಟು ಅತ್ತಳು. "ಹೋದ್ರೆ ಪೀಡೆ ಹೋಯ್ತು ಅನ್ಕೋ, ಬಿಡೇ" ಎಂದಳು ಅಮ್ಮ. ಬಿಡುವುದು ಅಷ್ಟು ಸುಲಭವಾ?

ಆರು ತಿಂಗಳ ಮೇಲೆ, ಹೊಸ ಡ್ರೈವರ್ ಅಜ್ಜ ತಂದ ಪೆಟ್ಟಿಗೆಯ ತುಂಬಾ ಐಸ್ ಇತ್ತು.

"ಯಾಕಜ್ಜ ಇಷ್ಟೊಂದು?"

"ಹಳೇ ಡ್ರೈವರ್ ಹೇಳಿಕೊಟ್ಟಿದ್ದಮ್ಮ. ಪಾಪ, ಅವನೇ ಈಗ ಆಸ್ಪತ್ರೇಲಿ ಮಲಗಿದಾನೆ. ಕೆಲಸ ಬಿಡೋ ಮುಂಚೆ ತನ್ನ ಲಿವರಿನ ಚೂರನ್ನ ತಾನೇ ಇಲ್ಲಿಗೆ ತಂದಿದ್ನಂತೆ! ಅವತ್ತು ಅದೊಂದೇ ಡಬ್ಬಿ ಇತ್ತಂತೆ."

ಅವಳು ರಿಸಲ್ಟ್ ಪುಸ್ತಕ ತೆರೆದಳು. ಹದಿನೇಳು! ಅಯ್ಯೋ, ಅವನ ಮುಖಕ್ಕೇ ಅಂದುಬಿಟ್ಟೆನಲ್ಲ!

ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಮೇಜಿನ ಮೇಲಿಟ್ಟ ಆ ಚೂರಿನ ಕೆಳಗೆ ಐಸ್ ಇರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಅವಳೇ, ಬಣ್ಣದ ಮಾತಿನಲ್ಲಿ ಮೈಮರೆತು ಅದನ್ನು ಬೆಚ್ಚಗಾಗಲು ಬಿಟ್ಟಿದ್ದಳು!

ಫ್ರೀಜರಿನಲ್ಲಿದ್ದ ಅರ್ಧ ಚೂರನ್ನು ತೆಗೆದಳು. ಕೊನೆಯವರೆಗೂ ಐಸಿನಿಂದ ಕೈ ತೆಗೆಯದೆ ಮತ್ತೆ ಅಳೆದಳು. ಕ್ಯಾಟಲೇಸ್ ಕಡಿಮೆಯಿತ್ತು ನಿಜ, ಆದರೆ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಪುಸ್ತಕದಲ್ಲಿ ಹಳೆಯ ಅಂಕಿಯನ್ನು ಹೊಡೆದು ಹಾಕಿ, 'ತಪ್ಪು ನನ್ನದು' ಎಂದು ಬರೆದು ಸಹಿ ಮಾಡಿ ಓಡಿದಳು.

ಆಸ್ಪತ್ರೆಯಲ್ಲಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವನು ಕೂತಿದ್ದ. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆ ಉಬ್ಬಿತ್ತು.

"ಯಾಕೆ ಬಂದ್ರಿ ಮೇಡಂ? ನನ್ನ ಕಟ್ಕೊಂಡೋಳ ಪಾಡು..."

"ಹೇಳ್ಬೇಡಿ!" ಅವಳು ಬಿಕ್ಕಿದಳು. "ಆ ಲೆಕ್ಕ ಸುಳ್ಳು. ಐಸಿಲ್ಲದೆ ಇಟ್ಟಿದ್ದು ನಾನು. ಆ ಎನ್ಜೈಮನ್ನ ಸಾಯಿಸಿದ್ದು ನಾನು..."

ಅವನು ಪಕ್ಕದಲ್ಲಿದ್ದ ಫೈಲನ್ನು ಅವಳತ್ತ ಚಾಚಿದ. "ನೀವು ಮುಗೀತು ಅಂದ್ರಲ್ಲ... ಡಾಕ್ಟರ ಹತ್ರ ಹೋಗೋದನ್ನೇ ಬಿಟ್ಟೆ. ಮತ್ತೆ ಅದೇ ಕರಿದದ್ದು, ಅದೇ ಬಾಟಲಿ."

ಅವನು ಕೊಟ್ಟ ಫೈಲನ್ನು ಅವಳು ಓದಿದಳು. ಮೊದಲೇ ಗಟ್ಟಿಯಾಗಲು ಶುರುವಾಗಿದ್ದ ಲಿವರ್ ಈಗ ಬಹುಪಾಲು ಗಟ್ಟಿಯಾಗಿತ್ತು. ಆ ಆರು ತಿಂಗಳನ್ನು ಯಾರೂ ವಾಪಸ್ ಕೊಡುವಂತಿರಲಿಲ್ಲ.

"ನಿಜ ಹೇಳಿ. ಎಷ್ಟು ದಿನ ಇರ್ತೀನಿ?"

"ಗೊತ್ತಿಲ್ಲ."

"ಗೊತ್ತಿಲ್ದೇನೇ ನನ್ನ ಜೊತೆ ಬರ್ತೀರಾ?"

"ಬರ್ತೀನಿ. ಆ ಬಾಡಿಗೆ ಮನೆ ಇನ್ನೂ ಖಾಲಿ ಇದೆ, ಬರೋವಾಗ ನೋಡ್ಕೊಂಡೇ ಬಂದೆ."

ಅವನು ಅವಳ ಕೈ ಹಿಡಿದು ಬೆಚ್ಚಿದ. "ಎಷ್ಟು ತಣ್ಣಗಿದೆ!"

"ಇವತ್ತು ನಿಮ್ಮ ಡಬ್ಬೀನ ಒಂದು ಕ್ಷಣಾನೂ ಐಸಿಂದ ತೆಗೀಲಿಲ್ಲ."

ಅವನು ಆ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಮುಚ್ಚಿಕೊಂಡ.

"ಸಾಕು, ಇನ್ನು ಬೆಚ್ಚಗಾಗ್ಲಿ ಬಿಡಿ."