ಬಾಟಲಿಯ ಬಾಯಿಗೆ ಹಿಡಿದ ಉರಿ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಸಂಶೋಧನಾ ಕೇಂದ್ರದ ಮುಖ್ಯಸ್ಥೆ ಠಾಣೆಗೆ ಬಂದು ದೂರು ಕೊಟ್ಟರು. ಉಪ್ಪುನೀರಿನಲ್ಲಿ ಬೆಳೆದು ಎಣ್ಣೆ ಕೊಡುವ ಪಾಚಿಯ ತಳಿಯೊಂದನ್ನು ಅವರು ವರ್ಷಗಟ್ಟಲೆ ಸಾಕಿದ್ದರು; ಮುಂದೊಂದು ದಿನ ಡೀಸೆಲ್ಲಿನ ಜಾಗದಲ್ಲಿ ಬಳಸಬಹುದಾಗಿದ್ದ ಎಣ್ಣೆ ಅದು. ರಾತ್ರಿ ಯಾರೋ ಬೀಗ ಒಡೆದು ಬಾಟಲಿಗಳಿಗೆಲ್ಲ ಬ್ಲೀಚ್ ಸುರಿದಿದ್ದರು. ಗೋಡೆಯ ಮೇಲೆ ‘ಪರದೇಶಿ ವಿಜ್ಞಾನಕ್ಕೆ ಧಿಕ್ಕಾರ’ ಎಂದು ಗೀಚಿದ್ದರು. ಪಾಚಿಗೂ ಒಂದು ಎಫ್‌ಐಆರ್ ಬೇಕೇ ಎಂದು ಇನ್ಸ್‌ಪೆಕ್ಟರ್ ಒಳಗೊಳಗೇ ನಕ್ಕರು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಾಗ ನಕ್ಕಿದ್ದಕ್ಕೆ ನಾಚಿಕೆಯಾಗಿ, ಪಕ್ಕದಲ್ಲೇ ನಿಂತು ಎಫ್‌ಐಆರ್ ಬರೆಸಿದರು.

ಘೋಷಣೆ ಯಾರದೆಂದು ಹುಡುಕಬೇಕಿರಲಿಲ್ಲ. ಈ ಹಸಿರು ಇಂಧನವೆಲ್ಲ ನಮ್ಮ ನೆಲ ಕಬಳಿಸುವ ಹುನ್ನಾರ, ಒಳಗೆ ಕೆಲಸ ಮಾಡುವವರೆಲ್ಲ ದ್ರೋಹಿಗಳು ಎಂದು ‘ಮಣ್ಣಿನ ಪಡೆ’ಯ ಹುಡುಗರು ತಿಂಗಳುಗಳಿಂದ ಗೇಟಿನೆದುರು ಗಂಟಲು ಹರಿದುಕೊಳ್ಳುತ್ತಿದ್ದರು. ದಫೇದಾರರು ಅವರನ್ನು ಎಳೆದು ತರಲು ತುದಿಗಾಲಲ್ಲಿ ನಿಂತಿದ್ದರು. ಆದರೆ ಭಾನುವಾರ ರಾತ್ರಿಯಿಡೀ ಪಡೆಯವರೆಲ್ಲ ಪಕ್ಕದೂರಿನ ಸಮಾವೇಶದಲ್ಲಿದ್ದರು. ಬಂದೋಬಸ್ತಿಗೆ ಹೋಗಿದ್ದ ಇದೇ ಠಾಣೆಯ ಪೇದೆಗಳೇ ಅದಕ್ಕೆ ಸಾಕ್ಷಿ.

ಹತ್ತು ಗಂಟೆಗೆ ಪ್ರಯೋಗಾಲಯದಲ್ಲಿ ಪಂಚನಾಮೆ ಶುರುವಾಯಿತು. ಹಸಿರಾಗಿರಬೇಕಿದ್ದ ನೀರು ಬಾಟಲಿಗಳಲ್ಲಿ ಬೆಳ್ಳಗೆ ಬಿಳಿಚಿಕೊಂಡಿತ್ತು. ಪ್ರತಿ ಬಾಟಲಿಯ ಬಾಯಿಗೂ ಹತ್ತಿಯ ಬಿರಡೆ ಬಿಗಿಯಾಗಿ ಕೂತಿದ್ದನ್ನು, ಅದರ ಅಂಚು ಬಿಸಿಗೆ ಕಂದಿದ್ದನ್ನು ಇನ್ಸ್‌ಪೆಕ್ಟರ್ ನೋಡಿದರು.

“ಇದೇನು ಮೇಡಂ?”

“ಬಾಟಲಿ ತೆಗೆದ ಕೂಡ್ಲೇ ಅದರ ಬಾಯನ್ನ ಬರ್ನರ್ ಉರಿಗೆ ಹಿಡೀತೀವಿ, ಕ್ರಿಮಿ ಒಳಗೆ ಹೋಗಬಾರದು ಅಂತ. ಮತ್ತೆ ಮುಚ್ಚೋವಾಗಲೂ ಅಷ್ಟೆ.”

“ಸಾಯಿಸೋಕೆ ಬಂದವನಿಗೆ ಅದೆಲ್ಲ ಯಾಕೆ?”

“ಬೇಕಿಲ್ಲ. ರೂಢಿಯಿದ್ದರೆ ಕೈ ತಾನಾಗೇ ಮಾಡಿಬಿಡುತ್ತೆ...” ಅಷ್ಟಕ್ಕೆ ನಿಲ್ಲಿಸಿ ಆಕೆ ಬೇಸಿನ್ ಕಡೆ ತಿರುಗಿ ನೋಡಿದರು.

ಆ ರೂಢಿಯಿದ್ದವರು ಅಲ್ಲಿ ಇಬ್ಬರೇ: ಆಕೆ, ಮತ್ತು ಬೇಸಿನ್ ಹತ್ತಿರ ನಿಂತಿದ್ದ ಅಟೆಂಡರ್. ಕೇಂದ್ರ ಶುರುವಾದಾಗಿನಿಂದ ಅವರಿಗೆ ಬಲಗೈಯಾಗಿದ್ದ ಮನುಷ್ಯ. ಬೆಳಿಗ್ಗೆ ಅವರಿಗೆ ಸಮಾಧಾನ ಹೇಳಿ ನೀರು ಕುಡಿಸಿ ಠಾಣೆಗೆ ಕಳಿಸಿದ್ದೂ ಅವನೇ.

ಇನ್ಸ್‌ಪೆಕ್ಟರ್ ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದರು.

“ಹತ್ತಿ ಯಾಕೆ ಮುಚ್ಚಿದ್ರಿ?”

ಅವನು ತನ್ನ ಎರಡೂ ಕೈಗಳನ್ನು ನೋಡಿಕೊಂಡ. “ಮುಚ್ಚಿದ್ನಾ ಸಾರ್?”

ಆಮೇಲೆ ಏನನ್ನೂ ಬಾಯಿ ಬಿಡಿಸಬೇಕಾಗಲಿಲ್ಲ. ಇರುವ ಒಬ್ಬನೇ ಮಗ ಪಡೆ ಸೇರಿದ್ದ. ಅಪ್ಪ ಪಾಚಿ ತೊಳೆಯುವ ದ್ರೋಹಿ ಎಂದು ಗೆಳೆಯರೆಲ್ಲ ಆಡಿಕೊಂಡ ಮೇಲೆ ಅಪ್ಪ ಎಂದು ಕರೆಯುವುದನ್ನೇ ಬಿಟ್ಟಿದ್ದ. ಅಪ್ಪ ಊಟಕ್ಕೆ ಕೂತರೆ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದ. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ, ಬಿಡದಿದ್ದರೆ ಮಗ ಸಿಗುವುದಿಲ್ಲ. ಒಂದು ರಾತ್ರಿಯ ಕೆಲಸ, ಆಮೇಲೆ ಗುಟ್ಟಾಗಿ ಹೇಳಿದರೆ ಮಗ ಮತ್ತೆ ಜೊತೆಗೆ ಕೂತು ಉಣ್ಣುತ್ತಾನೆ ಎಂದುಕೊಂಡೆ ಎಂದ. ಹೊರಗಿನವರ ಕೆಲಸವೆನ್ನಿಸಲು ಬೀಗ ಒಡೆದು ಗೋಡೆಯ ಮೇಲೆ ಗೀಚಿದ್ದೂ ಅವನೇ. ಪಾಚಿ ಬಿಳಿಚಿಕೊಳ್ಳಲು ಶುರುವಾದಾಗ ನೋಡಲಾರದೆ ದೀಪ ಆರಿಸಿದನಂತೆ.

ಮಧ್ಯಾಹ್ನ ಬಂಧನವಾಯಿತು. ಹೇಳಿಕೆಗೆ ಸಹಿ ಹಾಕಲು ಮುಖ್ಯಸ್ಥೆ ಮತ್ತೆ ಠಾಣೆಗೆ ಬಂದರು. ಅವನೆದುರಿನ ಬೆಂಚಿನ ಮೇಲೆ ಕೂತು ಒಂದೇ ಮಾತು ಕೇಳಿದರು: “ನನಗೊಂದು ಮಾತು ಹೇಳಬಾರದಿತ್ತಾ?” ಅವನು ನೆಲ ನೋಡುತ್ತಾ ಕೂತ.

ಅಷ್ಟರಲ್ಲಿ ಹೊರಗೆ ಗದ್ದಲವೆದ್ದಿತು. ಸುದ್ದಿ ತಿಳಿದು ಪಡೆಯವರು ಬಂದಿದ್ದರು. ಅವನ ಹೆಸರಿಗೆ ಜೈಕಾರ ಹಾಕುತ್ತಿದ್ದವರಲ್ಲಿ ಎಲ್ಲರಿಗಿಂತ ಮುಂದೆ ಮಗ ನಿಂತಿದ್ದ. ಕಿಟಕಿಯ ಸರಳು ಹಿಡಿದುಕೊಂಡು ಒಳಗೆ ಬಗ್ಗಿದ. ಕಣ್ಣಲ್ಲಿ ನೀರಿತ್ತು.

“ಅಪ್ಪಾ, ತಲೆ ಎತ್ತಪ್ಪಾ. ನನ್ನಪ್ಪ ಅಂತ ಎಲ್ಲರಿಗೂ ಹೇಳ್ದೆ.”

ಅಪ್ಪನ ಗದ್ದ ಎದೆಗೆ ತಾಗಿತು. ಇನ್ಸ್‌ಪೆಕ್ಟರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

“ಸಾರ್, ಆ ಕಿಟಕಿ ಹಾಕಿಬಿಡಿ.”